ಖಾರ್ಕಿವ್‌ನ ನೆಲಮಾಳಿಗೆಯಿಂದ ಇಂಟರ್ನ್‌ಶಿಪ್‌ವರೆಗೆ

ಹೋದ ವಾರ ನನ್ನ ಇಂಟರ್ನ್‌ಶಿಪ್ ಶುರುವಾಯಿತು. 2018ರಲ್ಲಿ ಎಂಬಿಬಿಎಸ್ ಓದಲು ದಾವಣಗೆರೆಯಿಂದ ಉಕ್ರೇನ್‌ನ ಖಾರ್ಕಿವ್‌ಗೆ ಹೋದವಳು ನಾನು. ಆರು ವರ್ಷದ ಓದು. ನಡುವೆ ಯುದ್ಧ ಬಂತು. ಇಲ್ಲಿಯ ವಾರ್ಡಿನಲ್ಲಿ ಬಿಳಿ ಕೋಟು ಹಾಕಿ ನಿಲ್ಲುವಷ್ಟರಲ್ಲಿ ಏಳು ವರ್ಷ ದಾಟಿತು.

ಬರೆಯಬೇಕು ಅನಿಸಿದ್ದು 2025ರ ಜೂನ್‌ನಲ್ಲಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಕ್ಕಳು ಯುದ್ಧದ ನಡುವೆ ಇರಾನ್‌ನಲ್ಲಿ ಸಿಕ್ಕಿಬಿದ್ದಿದ್ದ ದಿನಗಳು. ಪರಿಚಯದವರಿಂದ ನಂಬರ್ ತಗೊಂಡು ಒಬ್ಬ ತಾಯಿ ನನಗೆ ಫೋನ್ ಮಾಡಿದರು. "ನನ್ನ ಮಗನಿಗೆ ಧೈರ್ಯ ಹೇಳಬೇಕು, ಏನು ಹೇಳಲಮ್ಮಾ?" ಅಂದರು. ಅವರಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಯುದ್ಧಕ್ಕೆ ಮುಂಚಿನ ಹತ್ತು ದಿನದ ಮಾತು. 2022ರ ಫೆಬ್ರವರಿ 15ಕ್ಕೆ ನಮ್ಮ ರಾಯಭಾರ ಕಚೇರಿ ಒಂದು ಸೂಚನೆ ಹೊರಡಿಸಿತು. ಇರಲೇಬೇಕಾದ ಅಗತ್ಯ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಊರಿಗೆ ಹೋಗಬಹುದು ಅಂತ. ನಾನು ಆಗ ನಾಲ್ಕನೇ ವರ್ಷ. ಕ್ಲಾಸುಗಳು ನಡೆಯುತ್ತಲೇ ಇದ್ದವು, ಹಾಜರಿ ಕಡ್ಡಾಯ. ತಪ್ಪಿಸಿದ ಒಂದೊಂದು ಕ್ಲಾಸಿಗೂ ಆಮೇಲೆ ಹೋಗಿ ಉತ್ತರ ಒಪ್ಪಿಸಬೇಕು. ವಿಮಾನದ ಟಿಕೆಟ್ ಅರವತ್ತು ಸಾವಿರ ದಾಟಿತ್ತು. ಅಪ್ಪನದು ಸಣ್ಣ ಕಿರಾಣಿ ಅಂಗಡಿ, ಮೇಲೆ ಬ್ಯಾಂಕಿನ ಸಾಲ. "ಏನೂ ಆಗಲ್ಲ ಬಿಡಪ್ಪಾ, ಇಲ್ಲಿ ಎಲ್ಲ ಮಾಮೂಲಿ ಇದೆ" ಅಂತ ನಾನೇ ಹೇಳುತ್ತಿದ್ದೆ. ಏರ್ ಇಂಡಿಯಾ 22, 24, 26ಕ್ಕೆ ವಿಶೇಷ ವಿಮಾನ ಬಿಟ್ಟಾಗ 26ರ ಟಿಕೆಟ್ ಸಿಕ್ಕಿತು. 24ಕ್ಕೆ ಬರಬೇಕಿದ್ದ ವಿಮಾನ ಅರ್ಧ ದಾರಿಯಿಂದಲೇ ವಾಪಸ್ ಹೋಯಿತು. ನನ್ನದು ಬರಲೇ ಇಲ್ಲ.

ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಹೊರಡಿ ಅಂತ ಮೊದಲ ಸೂಚನೆ ಬಂದ ದಿನವೇ ಹೊರಡಿ. ಹಾಜರಿ ಆಮೇಲೆ ನೋಡಿಕೊಳ್ಳಬಹುದು.

24ರ ಬೆಳಗಿನ ಜಾವ ಐದರ ಹೊತ್ತಿಗೆ ಕಿಟಕಿಯ ಗಾಜು ಅದುರಿತು. ಪಟಾಕಿ ಅಂದುಕೊಂಡೆ. ಎರಡನೇ ಸದ್ದಿಗೆ ರೂಮಿನಲ್ಲಿದ್ದ ಮೂವರೂ ಎದ್ದು ಕೂತಿದ್ದೆವು. ಖಾರ್ಕಿವ್‌ನಿಂದ ರಷ್ಯಾದ ಗಡಿ ಸುಮಾರು 40 ಕಿ.ಮೀ. ಅಷ್ಟೇ. ಊರಿಗೆ ಫೋನ್ ಮಾಡಿದಾಗ ಅಲ್ಲಿ ಎಂಟೂವರೆ. ಅಪ್ಪ ಅಂಗಡಿ ಬಾಗಿಲು ತೆಗೆಯುತ್ತಿದ್ದರು.

ಹಾಸ್ಟೆಲ್ ಕೆಳಗೆ ಹಳೇ ಕಾಲದ ನೆಲಮಾಳಿಗೆ ಇತ್ತು. ನಾವು ಬಂಕರ್ ಅಂತಿದ್ದೆವು. ನೆಲಕ್ಕೆ ಮಣ್ಣು, ತಲೆ ಮೇಲೆ ನೀರಿನ ಪೈಪು, ಒಂದೇ ಒಂದು ಬಲ್ಬು. ಹೊರಗೆ ಹಿಮ. ಕೆಲವರು ಹತ್ತಿರದ ಮೆಟ್ರೋ ಸ್ಟೇಷನ್ನಿಗೆ ಹೋದರು. ರೈಲು ನಿಲ್ಲಿಸಿ ಮೆಟ್ರೋವನ್ನೇ ಜನರಿಗೆ ಆಸರೆ ಮಾಡಿಬಿಟ್ಟಿದ್ದರು. ನಾವು ಹದಿನಾಲ್ಕು ಜನ ಒಂದು ಮೂಲೆ ಹಿಡಿದೆವು. ಕನ್ನಡದವರು ಆರು, ಉಳಿದವರು ಕೇರಳ, ತಮಿಳುನಾಡು, ಹರಿಯಾಣದವರು.

ಮೊದಲ ದಿನ ನಾವು ಮಾಡಿದ್ದು ಅಂದರೆ ಫೋನ್ ನೋಡಿದ್ದು. ಅಷ್ಟೇ. ಸಂಜೆಗೆ ಎಲ್ಲರ ಚಾರ್ಜೂ ಮುಗಿಯುತ್ತಾ ಬಂದಿತ್ತು, ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ಆಗ ಆರನೇ ವರ್ಷದ ಒಬ್ಬ ಅಕ್ಕ, ಕೊಟ್ಟಾಯಂನವರು, ಒಂದು ನೋಟ್‌ಬುಕ್ ತೆಗೆದರು. ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟರು. ನಾನು ಆರು. "ಎರಡು ಗಂಟೆಗೊಮ್ಮೆ ನಂಬರ್ ಹೇಳಬೇಕು" ಅಂದರು. ಆಮೇಲೆ ಕೆಲಸ ಹಂಚಿದರು. ನೀರು ತರುವುದು ಇಬ್ಬರು, ಅಡುಗೆ ಮೂವರು, ಚಾರ್ಜಿಂಗ್ ನಾನು. ಸುದ್ದಿ ನೋಡುವುದು ಒಬ್ಬನೇ, ದಿನಕ್ಕೆ ಮೂರು ಸಲ, ಬೇಕಾದ್ದನ್ನು ಮಾತ್ರ ಓದಿ ಹೇಳಬೇಕು. ಬಾಕಿಯವರ ಫೋನು ಆಫ್. ಮನೆಗೆ ಫೋನ್ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಎರಡೆರಡೇ ನಿಮಿಷ.

ನನಗೆ ಸಿಟ್ಟು ಬಂದಿತ್ತು. ಸಾಯುವ ಹೊತ್ತಿನಲ್ಲಿ ಇದೇನು ಸ್ಕೂಲ್ ಥರ ಅಂತ. ಆದರೆ ಮರುದಿನ ಬೆಳಗ್ಗೆ ಎದ್ದಾಗ ನನಗೆ ಮೊದಲು ನೆನಪಾಗಿದ್ದು ಬಾಂಬಲ್ಲ, ಹದಿನಾಲ್ಕು ಫೋನು. ಯಾವುದು ಎಷ್ಟು ಪರ್ಸೆಂಟ್ ಇದೆ, ಯಾರ ಪವರ್ ಬ್ಯಾಂಕ್ ಖಾಲಿ, ಸದ್ದು ನಿಂತಾಗ ಮೇಲೆ ಓಡಿ ಯಾವುದನ್ನು ಮೊದಲು ಹಾಕಲಿ. ಆ ಲೆಕ್ಕ ಮಾಡುತ್ತಿದ್ದಷ್ಟು ಹೊತ್ತು ಕೈ ನಡುಗುತ್ತಿರಲಿಲ್ಲ.

ಬಂಕರಿನ ಇನ್ನೊಂದು ಪಕ್ಕದಲ್ಲಿ ಎದುರು ಬಿಲ್ಡಿಂಗ್‌ನ ಮನೆಯವರು ಇದ್ದರು. ಅಲ್ಲೊಬ್ಬ ಅಜ್ಜಿ, ನಾವು ಬಾಬುಷ್ಕಾ ಅಂತಿದ್ದೆವು. ನಾಲ್ಕು ವರ್ಷದ ಮೊಮ್ಮಗ ಜೊತೆಗಿದ್ದ. ನಮ್ಮ ರಷ್ಯನ್ ಅಷ್ಟಕ್ಕಷ್ಟೇ, ಅವರಿಗೆ ಇಂಗ್ಲಿಷ್ ಬರದು. ಅವರು ದಿನಾ ಬೆಳಗ್ಗೆ ತಮ್ಮ ಮೂಲೆಯ ಕಸ ಗುಡಿಸುತ್ತಿದ್ದರು. ಮಣ್ಣಿನ ನೆಲ, ಎಷ್ಟು ಗುಡಿಸಿದರೂ ಮಣ್ಣೇ. ಆದರೂ ಗುಡಿಸಿ, ತಲೆ ಬಾಚಿ, ಸ್ಕಾರ್ಫ್ ಕಟ್ಟಿ ಕೂರುತ್ತಿದ್ದರು. ಮೂರನೇ ದಿನ ನಮ್ಮ ಅಕ್ಕಿ ಮುಗಿದಾಗ ಒಂದು ಪಾತ್ರೆ ಗ್ರೆಚ್ಕಾ ತಂದುಕೊಟ್ಟರು. ಗೋಧಿ ನುಚ್ಚಿನ ಹಾಗೆ ಇರುತ್ತದೆ. ನಾವು ಅದಕ್ಕೆ ಕೊನೆಯ ಚಮಚ ಸಾಂಬಾರ್ ಪುಡಿ, ಉಪ್ಪು ಹಾಕಿ ಬಿಸಿಬೇಳೆಬಾತ್ ಅಂತ ಹೆಸರಿಟ್ಟು ತಿಂದೆವು. ಅವರ ಮೊಮ್ಮಗನೂ ತಿಂದ, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನಷ್ಟು ಕೇಳಿದ.

ಮಾರ್ಚ್ 1ರ ಬೆಳಗ್ಗೆ ಸ್ವಾತಂತ್ರ್ಯ ಚೌಕದ ಸರ್ಕಾರಿ ಕಟ್ಟಡಕ್ಕೆ ಕ್ಷಿಪಣಿ ಬಿತ್ತು. ಅದೇ ದಿನ ಹಾವೇರಿ ಜಿಲ್ಲೆಯ ನಮ್ಮ ಹುಡುಗನೊಬ್ಬ ಊಟದ ಸಾಮಾನು ತರಲು ಹೊರಗೆ ಹೋದವನು ದಾಳಿಗೆ ಸಿಕ್ಕಿ ತೀರಿಕೊಂಡ. ನಮ್ಮ ಊರಿನ ಕಡೆಯವನು, ನಮ್ಮ ವಯಸ್ಸಿನವನು. ನಾವು ಹೋಗುತ್ತಿದ್ದಂಥದ್ದೇ ಅಂಗಡಿ.

ಆ ದಿನ ನೋಟ್‌ಬುಕ್ ಕೆಲಸ ಮಾಡಲಿಲ್ಲ. ಯಾರೂ ಅಡುಗೆ ಮಾಡಲಿಲ್ಲ. ರಾತ್ರಿ ಅಮ್ಮ ಫೋನಿನಲ್ಲಿ "ಏನೂ ಆಗಲ್ಲ ಪುಟ್ಟಾ" ಅಂದಾಗ ನಾನು ಕಿರುಚಿದೆ. "ಆಗುತ್ತೆ ಅಮ್ಮಾ, ಆಗಿದೆ" ಅಂದೆ. ಫೋನ್ ಇಟ್ಟುಬಿಟ್ಟೆ. ಅದರ ಬಗ್ಗೆ ಇವತ್ತಿಗೂ ಬೇಜಾರಿದೆ. ಆದರೆ ಅಲೀಪುರದ ಆ ತಾಯಿಗೆ ನಾನು ಹೇಳಿದ ಮೊದಲ ಮಾತೂ ಇದೇ. "ಏನೂ ಆಗಲ್ಲ ಅಂತ ಮಾತ್ರ ಹೇಳಬೇಡಿ. ಅವನ ಕಣ್ಣೆದುರು ಏನೇನೋ ಆಗುತ್ತಿರುತ್ತೆ. ಊಟ ಮಾಡಿದ್ಯಾ, ಜೊತೆಗೆ ಯಾರಿದ್ದಾರೆ, ನೀರು ಎಷ್ಟಿದೆ, ಈಗ ಏನು ಮಾಡ್ತೀಯಾ ಅಂತ ಕೇಳಿ. ಉತ್ತರ ಹೇಳೋಕೆ ಅವನು ಎದ್ದು ನೋಡಬೇಕಾಗುತ್ತೆ, ಅದೇ ಸಾಕು." ನನ್ನ ಅಪ್ಪ ಹಾಗೇ ಕೇಳುತ್ತಿದ್ದರು. ಅವರಿಗೆ ಧೈರ್ಯ ಹೇಳೋಕೆ ಬರಲ್ಲ. "ಊಟ ಆಯ್ತೇನವ್ವಾ? ಎಷ್ಟು ಜನ ಉಂಡ್ರಿ?" ಅಷ್ಟೇ. ಅವರ ಫೋನಿಗೆ ನಾನು ಕಾಯುತ್ತಿದ್ದೆ.

ಮಾರ್ಚ್ 2ರ ಬೆಳಗ್ಗೆ ಹೊರಟೆವು. ಬೆನ್ನಿಗೆ ಒಂದೊಂದು ಬ್ಯಾಗು. ಟ್ಯಾಕ್ಸಿಯವರು ಸಾವಿರಾರು ಹ್ರಿವ್ನಾ ಕೇಳಿದರು, ನಮ್ಮ ಹತ್ತಿರ ಇರಲಿಲ್ಲ. ವಕ್ಝಾಲ್‌ಗೆ, ಅಂದರೆ ರೈಲ್ವೆ ಸ್ಟೇಷನ್ನಿಗೆ, ನಡೆದೇ ಹೋದೆವು. ಎಲ್ಲೋ ಗುಂಡಿನ ಸದ್ದು ಬಂದಾಗ ಗೋಡೆಗೆ ಅಂಟಿಕೊಳ್ಳುವುದು, ನಿಂತಾಗ ಮತ್ತೆ ನಡೆಯುವುದು.

ಬ್ಯಾಗಿನಲ್ಲಿ ಏನಿತ್ತು ಅಂತ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಪಾಸ್‌ಪೋರ್ಟ್, ಪೊಸ್ವಿದ್ಕಾ ಅಂದರೆ ಅಲ್ಲಿ ವಾಸಕ್ಕೆ ಕೊಡುವ ಕಾರ್ಡು, ಕಾಲೇಜಿನ ಐಡಿ, ಕೋವಿಡ್ ಲಸಿಕೆಯ ಕಾಗದ. ಇವೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಟ್ಟೆಯ ಒಳಗೆ ಕಟ್ಟಿಕೊಂಡಿದ್ದೆ. ಎಲ್ಲದರ ಫೋಟೋ ಅಪ್ಪನ ಫೋನಿಗೆ ಕಳಿಸಿದ್ದೆ. ಎರಡು ಲೀಟರ್ ನೀರು, ಬಿಸ್ಕತ್ತು, ಎರಡು ಜೊತೆ ಕಾಲುಚೀಲ, ಪ್ಯಾಡ್‌ಗಳು. ಮರೆತದ್ದು ಪಿಯುಸಿಯ ಮೂಲ ಅಂಕಪಟ್ಟಿ. ಮರೆತದ್ದು ಅನ್ನುವುದಕ್ಕಿಂತ ಅದು ನನ್ನ ಹತ್ತಿರ ಇರಲೇ ಇಲ್ಲ, ಸೇರಿದಾಗಿನಿಂದ ಡೀನ್ ಆಫೀಸಿನ ಬೀರುವಿನಲ್ಲಿತ್ತು. ಅದರ ಕಥೆ ಮುಂದೆ ಬರುತ್ತದೆ.

ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ರೈಲು ಎಲ್ಲರಿಗೂ ಉಚಿತ, ಟಿಕೆಟ್ ಇಲ್ಲ. ಮೊದಲು ಮಕ್ಕಳು, ಹೆಂಗಸರು ಅನ್ನುವ ನಿಯಮ. ನಮ್ಮ ಐದು ಜನ ಹುಡುಗಿಯರನ್ನು ಹೇಗೋ ಒಳಗೆ ತಳ್ಳಿದರು. ಒಂಬತ್ತು ಹುಡುಗರು ಪ್ಲಾಟ್‌ಫಾರ್ಮಿನಲ್ಲೇ ಉಳಿದರು. ಬಾಗಿಲು ಮುಚ್ಚುವಾಗ ಹನ್ನೊಂದನೇ ನಂಬರಿನವನು ತನ್ನ ಪವರ್ ಬ್ಯಾಂಕ್ ನನ್ನ ಕೈಗೆ ತುರುಕಿದ. "ಚಾರ್ಜಿಂಗ್ ಡಿಪಾರ್ಟ್‌ಮೆಂಟ್ ನಿಂದೇ ಅಲ್ವಾ" ಅಂದ.

ಮಧ್ಯಾಹ್ನ ರಾಯಭಾರ ಕಚೇರಿಯ ಸೂಚನೆ ಬಂತು. ಖಾರ್ಕಿವ್ ತಕ್ಷಣ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಪಿಸೋಚಿನ್, ಬಬಾಯಿ, ಬೆಜ್ಲೂದಿವ್ಕಾ ಊರುಗಳಿಗೆ ಸಂಜೆ ಆರರ ಒಳಗೆ ಸೇರಿ ಅಂತ. ಹುಡುಗರು 11 ಕಿ.ಮೀ. ಹಿಮದಲ್ಲಿ ನಡೆದು ಪಿಸೋಚಿನ್ ಸೇರಿದರು. ಅಲ್ಲಿ ಸುಮಾರು ಸಾವಿರ ಭಾರತೀಯ ವಿದ್ಯಾರ್ಥಿಗಳು ಸೇರಿದ್ದರಂತೆ. ಬಸ್ಸು ಬಂದದ್ದು ಮೂರು ದಿನದ ಮೇಲೆ.

ರೈಲಿನಲ್ಲಿ ದೀಪ ಆರಿಸಿ, ಪರದೆ ಎಳೆದಿದ್ದರು. ಲ್ವಿವ್‌ಗೆ ಸುಮಾರು ಸಾವಿರ ಕಿ.ಮೀ. ದಾರಿಯುದ್ದಕ್ಕೂ ನಿಂತೇ ಹೋದೆವು, ಸರದಿ ಮೇಲೆ ಒಬ್ಬೊಬ್ಬರು ನೆಲದಲ್ಲಿ ಕೂರುತ್ತಿದ್ದೆವು. ಎರಡು ಗಂಟೆಗೊಮ್ಮೆ ನಂಬರ್ ಹೇಳುವುದು ಬಿಡಲಿಲ್ಲ. ಐದು ಜನ ಬಾಯಲ್ಲಿ ಹೇಳಿದೆವು. ಉಳಿದ ಒಂಬತ್ತು ಮೆಸೇಜಿನಲ್ಲಿ ಬರಬೇಕು. ಕೆಲವೊಮ್ಮೆ ಮೂರ್ನಾಲ್ಕು ಗಂಟೆ ಬರುತ್ತಿರಲಿಲ್ಲ. ನಾನು ಯಾವ ದೇವರನ್ನೂ ಅಷ್ಟು ಕೇಳಿಕೊಂಡಿಲ್ಲ.

ಲ್ವಿವ್‌ನಿಂದ ಉಜ್‌ಹೊರೊದ್, ಅಲ್ಲಿಂದ ಚೋಪ್, ಗಡಿ ದಾಟಿದರೆ ಹಂಗೇರಿಯ ಝಾಹೊನಿ. ಗಡಿಯಲ್ಲಿ ಹನ್ನೊಂದು ಗಂಟೆ ಸಾಲು. ಝಾಹೊನಿಯಲ್ಲಿ ಇಳಿದ ತಕ್ಷಣ ಯಾರೋ ಹೆಂಗಸು ಬಿಸಿ ಟೀ ಕೊಟ್ಟಳು. ಆಗ ಮೊದಲ ಸಲ ಅತ್ತೆ. ಅಲ್ಲಿವರೆಗೆ ಅಳು ಬಂದೇ ಇರಲಿಲ್ಲ. ಬುಡಾಪೆಸ್ಟ್‌ವರೆಗಿನ ರೈಲಿಗೂ, ನಮ್ಮನ್ನು ಕರೆತರಲು ಭಾರತ ಸರ್ಕಾರ ನಡೆಸಿದ ಆಪರೇಷನ್ ಗಂಗಾದ ವಿಮಾನಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ. ದೆಹಲಿಯಿಂದ ಬೆಂಗಳೂರಿಗೂ ರಾಜ್ಯ ಸರ್ಕಾರದವರೇ ಕಳಿಸಿದರು. ಹುಡುಗರು ಆಮೇಲೆ ಬಂದರು, ಎಲ್ಲ ಒಂಬತ್ತೂ ಜನ. ಆ ಕಾರ್ಯಾಚರಣೆಯಲ್ಲಿ ಒಟ್ಟು ಸುಮಾರು 22,500 ಜನ ಊರಿಗೆ ಬಂದರು.

ಯುದ್ಧದಿಂದ ತಪ್ಪಿಸಿಕೊಂಡು ಬಂದ ಮೇಲೆ ಕಷ್ಟ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು, ನಾನೂ. ನಿಜ ಹೇಳಬೇಕೆಂದರೆ ಬಂಕರಿಗಿಂತ ಮುಂದಿನ ಎಂಟು ತಿಂಗಳು ನನಗೆ ಜಾಸ್ತಿ ಕಷ್ಟವಾಯಿತು. ಬಂಕರಿನಲ್ಲಿ ಮಾಡಲು ಕೆಲಸ ಇತ್ತು. ಮನೆಯಲ್ಲಿ ಬರೀ ಕಾಯುವುದು. ಭಾರತದ ಕಾಲೇಜುಗಳಲ್ಲಿ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅಂತ ದಿನಾ ಟಿವಿ ನೋಡುವುದು. ಬಂದುಹೋಗುವವರೆಲ್ಲ "ಬದುಕಿ ಬಂದ್ಯಲ್ಲ, ಇನ್ನೇನು ಬೇಕು" ಅನ್ನುವುದು. ಹಾವೇರಿಯ ಆ ಹುಡುಗನ ಮನೆಯವರ ಮುಖ ಟಿವಿಯಲ್ಲಿ ಬಂದಾಗ ಎದ್ದು ಹೋಗುತ್ತಿದ್ದೆ. ಅವನು ಯಾಕೆ, ನಾನು ಯಾಕಲ್ಲ ಅನ್ನುವ ಪ್ರಶ್ನೆ ತಲೆಯಿಂದ ಹೋಗುತ್ತಿರಲಿಲ್ಲ.

ದೀಪಾವಳಿಗೆ ಓಣಿಯಲ್ಲಿ ಪಟಾಕಿ ಹೊಡೆದಾಗ ನಾನು ಮಂಚದ ಕೆಳಗೆ ಇದ್ದೆ. ಅಮ್ಮ ಅದನ್ನು ನೋಡಿ ಹೆದರಿಹೋದರು. ಮರುದಿನ ನನ್ನ ತಮ್ಮ ಟೆಲಿ ಮಾನಸ್‌ಗೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಫೋನ್ ಹಚ್ಚಿಕೊಟ್ಟ. ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹೊತ್ತಿಗೆ ಅದು ಶುರುವಾಗಿ ಎರಡು ವಾರ ಆಗಿತ್ತು ಅಷ್ಟೇ. ಆ ಕಡೆಯವರು ನಿದ್ದೆ, ಊಟದ ಬಗ್ಗೆ ಕೇಳಿದರು, ಆಮೇಲೆ ಡಾಕ್ಟರ ಹತ್ತಿರ ಕಳಿಸಿದರು. ನಾಲ್ಕು ತಿಂಗಳು ಹೋದೆ. ಯುದ್ಧದಿಂದ ಬಂದವರ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಸುಮ್ನೆ ಕೂತಿದ್ದಾರೆ ಅಂದರೆ ಸರಿಹೋಗಿದ್ದಾರೆ ಅಂತಲ್ಲ. ಮೊದಲ ತಿಂಗಳೇ ಕರೆದುಕೊಂಡು ಹೋಗಿ. ನಾನು ಎಂಟು ತಿಂಗಳು ಸುಮ್ಮನೆ ಕಳೆದೆ.

ಈ ನಡುವೆ ಖಾರ್ಕಿವ್‌ನ ಮೇಷ್ಟ್ರುಗಳು ಪಾಠ ನಿಲ್ಲಿಸಿರಲಿಲ್ಲ. ಆ ಚಳಿಗಾಲದಲ್ಲಿ ರಷ್ಯಾ ವಿದ್ಯುತ್ ಸ್ಥಾವರಗಳ ಮೇಲೆ ದಾಳಿ ಮಾಡುತ್ತಿತ್ತು. ನಮ್ಮ ಪೆಥಾಲಜಿ ಮೇಡಂ ಕೋಟು, ಟೋಪಿ ಹಾಕಿಕೊಂಡು, ಮನೆಯ ಪ್ಯಾಸೇಜಿನಲ್ಲಿ ಕೂತು ಕ್ಲಾಸ್ ತೆಗೆದುಕೊಂಡರು. ಅಲ್ಲಿ ಎರಡು ಗೋಡೆಯ ನಿಯಮ ಅಂತ ಇದೆ. ಹೊರಗಿನ ಬೀದಿಗೂ ನಿಮಗೂ ನಡುವೆ ಕನಿಷ್ಠ ಎರಡು ಗೋಡೆ ಇರಬೇಕು. ಕರೆಂಟ್ ಹೋದರೆ ಕ್ಲಾಸ್ ಕಡಿದುಹೋಗುತ್ತಿತ್ತು. ಬಂದ ಮೇಲೆ "ಎಲ್ಲಿ ನಿಲ್ಲಿಸಿದ್ದೆವು?" ಅಂತ ಅಲ್ಲಿಂದಲೇ ಶುರು. ಅವರು ಒಂದು ದಿನವೂ ನಮಗೆ ಧೈರ್ಯದ ಮಾತು ಹೇಳಲಿಲ್ಲ. ಮುಂದಿನ ವಾರದ ಪಾಠ ಯಾವುದು ಅಂತ ಹೇಳುತ್ತಿದ್ದರು. ನಾನು ಮತ್ತೆ ಪುಸ್ತಕ ತೆಗೆದದ್ದು ಅವರಿಂದ.

2022ರ ಸೆಪ್ಟೆಂಬರ್ 6ಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ದಾರಿ ತೆರೆಯಿತು. ಉಕ್ರೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿಯೇ ಇದ್ದು, ತಾತ್ಕಾಲಿಕವಾಗಿ ಬೇರೆ ದೇಶದಲ್ಲಿ ಓದಬಹುದು, ಡಿಗ್ರಿ ಮಾತ್ರ ಮೂಲ ವಿಶ್ವವಿದ್ಯಾಲಯವೇ ಕೊಡಬೇಕು ಅಂತ. ನಾನು ಜಾರ್ಜಿಯಾ ಆರಿಸಿಕೊಂಡೆ. ವೀಸಾ ಆಗಿ ಟಿಬಿಲಿಸಿ ಸೇರಿದ್ದು 2023ರ ಫೆಬ್ರವರಿಯಲ್ಲಿ. ಎರಡೂ ಕಡೆ ಸ್ವಲ್ಪ ಸ್ವಲ್ಪ ಫೀಸು ಕಟ್ಟಬೇಕಾಯಿತು. ವಿಮಾನ, ವೀಸಾ, ರೂಮಿನ ಅಡ್ವಾನ್ಸು ಸೇರಿ ಆ ವರ್ಷ ಅಪ್ಪನಿಗೆ ಆರು ಲಕ್ಷದ ಹತ್ತಿರ ಖರ್ಚು ಬಿತ್ತು. ಅಮ್ಮನ ಬಳೆ ಹೋದದ್ದು ಆಗಲೇ. ಟಿಬಿಲಿಸಿಯ ಜನ 2008ರಲ್ಲಿ ತಾವೇ ಯುದ್ಧ ಕಂಡವರು. ಖಾರ್ಕಿವ್‌ನಿಂದ ಬಂದವಳು ಅಂದರೆ ಮನೆ ಒಡತಿ ಮೊದಲ ತಿಂಗಳ ಬಾಡಿಗೆಯಲ್ಲಿ ಅರ್ಧ ಬಿಟ್ಟರು.

ಇನ್ನು ಅಂಕಪಟ್ಟಿಯ ಕಥೆ. ಡೀನ್ ಆಫೀಸಿಗೆ ಹದಿನೇಳು ಮೇಲ್ ಹಾಕಿದೆ. ಆ ಕಟ್ಟಡದ ಕಿಟಕಿಗಳೇ ಒಡೆದು, ಕೆಲಸದವರು ಚದುರಿಹೋಗಿದ್ದರು, ಅವರನ್ನು ದೂರಲಾರೆ. ಕೊನೆಗೆ ಅಲ್ಲೇ ಉಳಿದಿದ್ದ ಗುಮಾಸ್ತೆಯೊಬ್ಬರು ಹುಡುಕಿ, ನೋವಾ ಪೋಷ್ಟಾ ಕೊರಿಯರ್‌ನಲ್ಲಿ ಪೋಲೆಂಡಿಗೆ ಕಳಿಸಿದರು. ಅಲ್ಲಿಂದ ಸ್ನೇಹಿತೆಯೊಬ್ಬಳು ತಂದಳು. ಹತ್ತು ತಿಂಗಳು ಹಿಡಿಯಿತು. ನಿಮ್ಮ ಮಕ್ಕಳು ಹೊರದೇಶಕ್ಕೆ ಓದಲು ಹೋಗುತ್ತಿದ್ದರೆ, ಮೂಲ ಅಂಕಪಟ್ಟಿ ಕೊಡಲೇಬೇಕೆಂದರೆ ಮೊದಲು ದೃಢೀಕರಿಸಿದ ಎರಡು ಪ್ರತಿ ಮಾಡಿಸಿ ಮನೆಯಲ್ಲಿಡಿ.

2024ರ ಬೇಸಿಗೆಗೆ ಓದು ಮುಗಿಯಿತು. ಡಿಗ್ರಿ ಕಾಗದ, ಅದಕ್ಕೆ ಅಪೋಸ್ಟಿಲ್ ಅಂದರೆ ಕಾಗದ ಅಸಲಿ ಅಂತ ದೃಢೀಕರಿಸುವ ಮುದ್ರೆ, ಜಾರ್ಜಿಯಾದಲ್ಲಿ ಕ್ಲಾಸಿನಲ್ಲೇ ಕೂತು ಓದಿದೆ ಅನ್ನುವ ಪತ್ರ, ಪಾಸ್‌ಪೋರ್ಟಿನ ಪ್ರತಿ ಮುದ್ರೆಯ ಜೆರಾಕ್ಸ್. ಹೋಗಿ ಬಂದ ಮುದ್ರೆಗಳ ದಿನಾಂಕಕ್ಕೂ ಕಾಲೇಜಿನ ಪತ್ರದ ದಿನಾಂಕಕ್ಕೂ ತಾಳೆ ಆಗಲೇಬೇಕು. ನನ್ನ ಪತ್ರದಲ್ಲಿ ಒಂದು ತಿಂಗಳು ತಪ್ಪಿತ್ತು. ಇಲ್ಲಿಯ ಒಂದು ಕಚೇರಿಯಲ್ಲಿ ಅದಕ್ಕೇ ಫೈಲು ಏಳು ವಾರ ಕೂತಿತು. ಪತ್ರ ಕೈಗೆ ಬಂದ ದಿನವೇ ಒಂದೊಂದು ಅಕ್ಷರ ಓದಿ ನೋಡಿ.

ಹೊರದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ 300 ಪ್ರಶ್ನೆ, 150 ಬಂದರೆ ಪಾಸು. 2025ರ ಜನವರಿಯಲ್ಲಿ ಬರೆದಾಗ ನನಗೆ ಬಂದದ್ದು 141. ಒಂಬತ್ತು ಅಂಕ. ಆ ರಾತ್ರಿ ಅಪ್ಪ ಅಂಗಡಿ ಮುಚ್ಚಿ ಬಂದು ಕೇಳಿದ್ದು ಅದೇ, "ಊಟ ಆಯ್ತೇನವ್ವಾ?" ಆಗಿರಲಿಲ್ಲ. ಇಬ್ಬರೂ ಕೂತು ಉಂಡೆವು. ಮರುದಿನ ಒಂದು ಹೊಸ ನೋಟ್‌ಬುಕ್ ತಂದು, ಕೊಟ್ಟಾಯಂ ಅಕ್ಕ ಮಾಡಿದ ಹಾಗೇ ಪಟ್ಟಿ ಮಾಡಿದೆ. ಯಾವ ವಿಷಯ ಎಷ್ಟು ಗಂಟೆ, ಫೋನ್ ಎಷ್ಟು ಸಲ, ಅಮ್ಮನಿಗೆ ಯಾವ ಕೆಲಸದಲ್ಲಿ ಸಹಾಯ. ಜುಲೈ 26ಕ್ಕೆ ಮತ್ತೆ ಬರೆದೆ. 167.

ಬಾಬುಷ್ಕಾ ಖಾರ್ಕಿವ್ ಬಿಡಲಿಲ್ಲ. 2023ರಿಂದ ಅಲ್ಲಿ ಮೆಟ್ರೋ ಸ್ಟೇಷನ್ನುಗಳ ಒಳಗೆ ಕ್ಲಾಸ್‌ರೂಮ್ ಕಟ್ಟಿ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಪಾಠ ಮಾಡುತ್ತಿದ್ದಾರೆ. ನಾಲ್ಕು ವರ್ಷದವನಾಗಿದ್ದ ಮೊಮ್ಮಗ ಈಗ ಅಲ್ಲಿಗೇ ಹೋಗುತ್ತಾನೆ. ಫೋಟೋ ಕಳಿಸಿದ್ದರು. ಬಣ್ಣದ ಗೋಡೆ, ಸಾಲು ಬೆಂಚು, ಹುಡುಗನ ತಲೆ ನೀಟಾಗಿ ಬಾಚಿದೆ.

ಇಂಟರ್ನ್‌ಶಿಪ್ ಮಾಡಲು ಬೇಕಾದ ತಾತ್ಕಾಲಿಕ ನೋಂದಣಿಯ ಕಾಗದ ಕೈಗೆ ಬಂದ ದಿನ ಅದರ ಫೋಟೋ ನಮ್ಮ ಹಳೇ ಗ್ರೂಪಿಗೆ ಹಾಕಿದೆ. ಹೆಸರು ಇನ್ನೂ 'ಬಂಕರ್ 14' ಅಂತಲೇ ಇದೆ. ಕೆಳಗೆ "ಆರು" ಅಂತ ಬರೆದೆ. ಐದೇ ನಿಮಿಷಕ್ಕೆ "ಒಂದು" ಬಂತು, ಕೊಟ್ಟಾಯಂನಿಂದ. ಆಮೇಲೆ ನಾಲ್ಕು, ಒಂಬತ್ತು, ಎರಡು. ಹದಿಮೂರನೆಯವನು ಓದು ಬಿಟ್ಟು ಹಿಸಾರ್‌ನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ, ಅವನೂ ಹಾಕಿದ. ಸಂಜೆಗೆ ಹದಿಮೂರು ನಂಬರ್ ಬಂದಿದ್ದವು. ಹನ್ನೊಂದು ಬಂದದ್ದು ರಾತ್ರಿ ಹತ್ತೂವರೆಗೆ. ಡ್ಯೂಟಿಯಲ್ಲಿದ್ದನಂತೆ, ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ.